ಪಥ್ಯದ ಊರಿನ ಸಿಹಿತಿಂಡಿ

ಅಮೆರಿಕ ಸಂಯುಕ್ತ ಸಂಸ್ಥಾನದ ಮಿಷಿಗನ್ ಪ್ರಾಂತದಲ್ಲಿ, ಷಿಕಾಗೋ ಡೆಟ್ರಾಯಿಟ್ ನಗರಗಳ ನಡುವಣ ರೈಲುದಾರಿಯಲ್ಲಿ, ಬ್ಯಾಟಲ್ ಕ್ರೀಕ್ ಎಂಬ ಊರೊಂದಿದೆ. ಹೆಸರನ್ನು ಕನ್ನಡಿಸಿದರೆ ‘ಕದನದ ಹಳ್ಳ’ವೆಂದಾಗುವುದು. ಇದನ್ನು ಕೇಳಿ ಇಲ್ಲಿ ದೊಡ್ಡ ಸೇನೆಗಳು ಕಾದಾಡಿರಬೇಕೆಂದು ಊಹಿಸುವ ವಾಚಕರಿಗೆ ನಿರಾಶೆಯಾದೀತು. ೧೮೨೪ರ ಸುಮಾರಿನಲ್ಲಿ ನೆಲವನ್ನಳೆಯಲು ಬಂದ ಸರ್ಕಾರದ ಮೋಜಣಿದಾರರಿಗೂ ಆ ಸೀಮೆಯ ಮೂಲನಿವಾಸಿಗಳಾದ ಪೊಟವಾಟಮಿ ಜನರಲ್ಲಿ ಇಬ್ಬರಿಗೂ ಹಳ್ಳದ ದಡದಲ್ಲಿ ಜಗಳವಾಯಿತು. ಅಷ್ಟಕ್ಕೇ ಹಳ್ಳಕ್ಕೆ ಕದನದ ಹೆಸರು ಅಂಟಿತು, ಹಳ್ಳದಿಂದ ಅದು ಊರಿಗೆ ಬಂದಿತು. ನಿಜವಾದ ಕದನಗಳು ಅಲ್ಲಿ ನಡೆದದ್ದು ಆಮೇಲೆ. ಅವೂ ಊಟದ ಮೇಜಿನ ಮೇಲೆ.

ನಾವು ದಂಪತಿಗಳು ಈಚೆಗೆ ಆಶ್ವಯುಜ ಮಾಸದಲ್ಲಿ ಆ ಪ್ರಾಂತಕ್ಕೆ ಹೋಗಿದ್ದೆವು. ಬ್ಯಾಟಲ್ ಕ್ರೀಕಿಗೆ ಸುಮಾರು ೨೫ ಮೈಲಿ ಪಶ್ಚಿಮದಲ್ಲಿರುವ ಕಲಮಜೂ ಪಟ್ಟಣದಲ್ಲಿ ನಮ್ಮ ತಂಗಿಯ ಮಗಳು ಸಂಸಾರ ಹೂಡಿದ್ದಾಳೆ. ಅವಳ ಅತ್ತೆಯವರು ದಾವಣಗೆರೆಯವರು. ಅವರೂ ಆಗ ಮಗನ ಮನೆಯಲ್ಲಿಯೇ ಇದ್ದರು. ಆ ಮನೆಯಲ್ಲಿ ಎಂಟು ವರ್ಷದ ಒಬ್ಬ ಹುಡುಗಿ. ಅವಳ ಶಾಲೆಯಲ್ಲಿ ಪುಸ್ತಕಗಳನ್ನು ಕೊಳ್ಳುವುದಕ್ಕಾಗಿ ಮಕ್ಕಳು ಮನೆಯಿಂದ ತಿಂಡಿಗಳನ್ನು ತಂದು ಮಾರುವ ಏರ್ಪಾಡು ನಡೆದಿತ್ತು. ಇದಕ್ಕೆ ಅವರು ‘ಬೇಕ್ ಸೇಲ್’ ಎನ್ನುತ್ತಾರೆ. ಒಲೆಯಲ್ಲಿ ಸುಟ್ಟು ಮಾಡಿದ ತಿಂಡಿಗಳ ಮಾರಾಟವೆಂದು ಅದರ ಅರ್ಥ. ನಮ್ಮ ಕಿವಿಗೆ ಮಾತ್ರ ಅದು ‘ಬೇಕು, ಬೇಕು’ ಎಂದೇ ಕೇಳಿಸಿತು. ಹುಡುಗಿಗೆ ಬೇಕಾಗಿದ್ದುದು ಒಂದೇ: ಬಣ್ಣಬಣ್ಣದ ‘ರೈಸ್ ಕ್ರಿಸ್ಪೀಸ್’ ತುಂಡುಗಳು. ಉಬ್ಬಿಸಿದ ಅಕ್ಕಿಯನ್ನು ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಬಿಳಿ ಮಿಠಾಯಿಯೊಡನೆ ಕರಗಿಸಿ ಕಲಸಿ, ತಟ್ಟೆಗೆ ತಟ್ಟಿ, ಚೌಕವಾಗಿ ಕತ್ತರಿಸಿದ ತಿಂಡಿ ಅದು. ಇದನ್ನು ಸುಡುವುದೂ ಇಲ್ಲ, ಬೇಯಿಸುವುದೂ ಇಲ್ಲ. ಆ ದೇಶದ ಮಕ್ಕಳಿಗೆ ಇದು ನಮ್ಮ ಮಕ್ಕಳ ಕೊಬ್ಬರಿ ಮಿಠಾಯಿಯಷ್ಟು ಪರಿಚಿತ. ಇದರ ತವರೂರು ಬ್ಯಾಟಲ್ ಕ್ರೀಕ್ ಎಂದು ತಿಳಿದ ಬಳಿಕ, ತಿಂಡಿ ಮಾಡುವುದಕ್ಕೆ ಮುಂಚೆ ತವರನ್ನು ನೋಡಿಬರೋಣವೆಂದು ಒಂದು ಶನಿವಾರ ನಾವೆಲ್ಲರೂ ಹೊರಟೆವು.

ದಾರಿಯುದ್ದಕ್ಕೂ ಮೇಪಲ್ ಮರಗಳು ಕೆಂಪು ಹಳದಿಯಾಗಿ ನಿಂತಿದ್ದವು. ಊರು ಸಮೀಪಿಸಿದಾಗ ಕಾರಿನ ಕಿಟಕಿಯಿಂದ ಹುರಿದ ಧಾನ್ಯದ ಕಂಪು ಒಳಗೆ ಬಂದಿತು. ಅತ್ತೆಯವರು ಒಡನೆ ಮೂಗೆತ್ತಿ, “ಇದು ನಮ್ಮೂರಿನ ಮಂಡಕ್ಕಿ ಭಟ್ಟಿಯ ಕಡೆಯ ವಾಸನೆ!” ಎಂದರು. ವಾಸ್ತವವಾಗಿ ಅದಕ್ಕಿಂತ ಸ್ವಲ್ಪ ಸಿಹಿಯಾದ ಕಂಪು, ಮೊಳಕೆ ಬರಿಸಿ ಹುರಿದ ಯವೆಯ ಕಂಪು ಅದರಲ್ಲಿ ಬೆರೆತಿರುತ್ತದೆ. ಆದರೆ ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ದಾವಣಗೆರೆಯೂ ಬ್ಯಾಟಲ್ ಕ್ರೀಕೂ ಧಾನ್ಯವನ್ನು ಉಬ್ಬಿಸಿ ಹೆಸರು ಪಡೆದ ಊರುಗಳೇ.

ಊರು ಅಚ್ಚುಕಟ್ಟಾಗಿದೆ, ವಿಶಾಲವಾಗಿದೆ, ಹೆಚ್ಚು ಗದ್ದಲವಿಲ್ಲ. ಸುಮಾರು ೫೦ ಸಾವಿರ ಜನರಿದ್ದಾರೆ. ಬ್ಯಾಟಲ್ ಕ್ರೀಕ್ ಹೊಳೆ ಕಲಮಜೂ ನದಿಯನ್ನು ಕೂಡುವ ಸ್ಥಳ ಅದು. ಕಣ್ಣಿಗೆ ಮೊದಲು ಬೀಳುವುದು ಹದಿನೈದು ಅಂತಸ್ತಿನ ಒಂದು ಗೋಪುರ. ಅದರ ಪಕ್ಕಕ್ಕೆ ಉದ್ದುದ್ದ ಕಟ್ಟಡಗಳ ಸಾಲು. ಈಗ ಅಲ್ಲಿ ಕೇಂದ್ರ ಸರ್ಕಾರದ ಕಛೇರಿಗಳಿವೆ. ಹಿಂದೆ ಅದು ಜಗತ್ಪ್ರಸಿದ್ಧವಾದ ಆರೋಗ್ಯಧಾಮವಾಗಿತ್ತು. ಊರಿನ ಕಥೆಯೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತಪಂಥದವರು ಈ ಊರಿನಲ್ಲಿ ನೆಲೆಸಿದರು. ಶನಿವಾರವನ್ನು ಸಬ್ಬತ್ ದಿನವೆಂದು ಆಚರಿಸುವ ಇವರು ಮದ್ಯ ತಂಬಾಕುಗಳನ್ನು ತೊರೆದವರು. ಮಾಂಸವನ್ನೂ ಬಿಡುವುದು ಒಳ್ಳೆಯದೆಂದು ಅವರಲ್ಲಿ ಹಿರಿಯರು ಬೋಧಿಸಿದರು. ೧೮೬೬ರಲ್ಲಿ ಅವರು ಇಲ್ಲಿ ಒಂದು ಚಿಕ್ಕ ಚಿಕಿತ್ಸಾಲಯವನ್ನು ತೆರೆದರು. ೧೮೭೬ರಲ್ಲಿ ಅದರ ಆಡಳಿತವನ್ನು ವಹಿಸಿಕೊಂಡ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ಅವರಿಗೆ ಆಗ ೨೪ ವರ್ಷ. ಅವರ ಕೈಯಲ್ಲಿ ಆ ಚಿಕ್ಕ ಮನೆ ಶ್ರೀಮಂತರೂ ರಾಜಕಾರಣಿಗಳೂ ಬಂದು ತಂಗುವ ಅರಮನೆಯಾಯಿತು. ಹೆನ್ರಿ ಫೋರ್ಡ್, ಎಡಿಸನ್ ಮೊದಲಾದವರೂ ಅಲ್ಲಿ ಅತಿಥಿಗಳಾಗಿದ್ದರು.

ಡಾಕ್ಟರರ ಪಥ್ಯವಾದರೋ ಕಠಿನ. ಮಾಂಸ ಕೂಡದು, ಮದ್ಯ, ತಂಬಾಕು, ಕಾಫಿ, ಚಹ ಕೂಡವು, ಉಪ್ಪಿನಕಾಯಿ, ಮೆಣಸು ಕೂಡವು. ಸಾಸಿವೆ ಕೂಡ ಅವರಿಗೆ ಶತ್ರು. ಒಗ್ಗರಣೆಯಿಲ್ಲದೆ ಒಂದು ಹೊತ್ತೂ ಉಣಲಾರದ ನಮ್ಮಂತಹವರಿಗೆ ಆ ಅರಮನೆಯಲ್ಲಿ ಮೂರು ದಿನ ಕಳೆಯುವುದೂ ಕಷ್ಟವಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಸಕ್ಕರೆಯನ್ನಂತೂ ಅವರು ಅತಿಯಾಗಿ ದೂಷಿಸುತ್ತಿದ್ದರು. ಇಷ್ಟನ್ನೆಲ್ಲ ಕಳೆದ ಮೇಲೆ ರೋಗಿಗಳಿಗೆ ಕೊಡುವುದೇನು? ಆ ಚಿಂತೆಯಲ್ಲಿಯೇ ಅವರೂ ಅವರ ತಮ್ಮ ವಿಲ್ ಕೀತ್ ಕೆಲಾಗರೂ ಅಡುಗೆಮನೆಯಲ್ಲಿ ಪ್ರಯೋಗಗಳನ್ನು ನಡೆಸಿದರು. ೧೮೯೪ರಲ್ಲಿ ಬೇಯಿಸಿದ ಗೋಧಿಯನ್ನು ಉರುಳೆಗಳ ನಡುವೆ ಹಾಯಿಸಿದಾಗ ಒಂದೊಂದು ಕಾಳೂ ಒಂದೊಂದು ತೆಳ್ಳನೆಯ ಹಪ್ಪಳದ ಚೂರಾಗಿ ಬಂದಿತು. ಜಗತ್ತೆಲ್ಲ ಹಾಲಿಗೆ ಹಾಕಿಕೊಂಡು ತಿನ್ನುವ ಧಾನ್ಯದ ಚೂರುಗಳಿಗೆ ಅದು ಮೊದಲು.

ಆಮೇಲೆ ನಡೆದದ್ದು ಅಣ್ಣತಮ್ಮಂದಿರ ವ್ಯಾಜ್ಯ. ತಮ್ಮನು ಜೋಳದ ಚೂರುಗಳಿಗೆ ಸಕ್ಕರೆ ಸೇರಿಸಿ ಮಾರಬೇಕೆಂದನು; ಅಣ್ಣನಿಗೆ ಅದು ಅಧರ್ಮವಾಗಿ ತೋರಿತು. ೧೯೦೬ರಲ್ಲಿ ತಮ್ಮನು ತನ್ನದೇ ಕಂಪನಿಯನ್ನು ಕಟ್ಟಿದನು. ಹೆಸರು ಯಾರದೆಂದು ವರ್ಷಗಟ್ಟಲೆ ನ್ಯಾಯಸ್ಥಾನಗಳಲ್ಲಿ ಕಾದಾಡಿ ಕೊನೆಗೆ ೧೯೨೦ರಲ್ಲಿ ತಮ್ಮನೇ ಗೆದ್ದನು. ಅಣ್ಣತಮ್ಮಂದಿರು ಇಬ್ಬರೂ ೯೧ ವರ್ಷ ಬದುಕಿದರು. ಪಥ್ಯದಿಂದಲೋ ಛಲದಿಂದಲೋ ಹೇಳಲಾಗದು. ಇವರ ನಡುವೆ ಚಾರ್ಲ್ಸ್ ಪೋಸ್ಟ್ ಎಂಬಾತನೊಬ್ಬನು ೧೮೯೧ರಲ್ಲಿ ರೋಗಿಯಾಗಿ ಆರೋಗ್ಯಧಾಮಕ್ಕೆ ಬಂದವನು, ಅಲ್ಲಿನ ಊಟವನ್ನು ಕಣ್ಣಾರೆ ಕಂಡು, ೧೮೯೫ರಲ್ಲಿ ಧಾನ್ಯವನ್ನು ಹುರಿದು ಕಾಫಿಗೆ ಬದಲಾಗಿ ಮಾರತೊಡಗಿ ಕೋಟ್ಯಧೀಶನಾದನು. ಧಾನ್ಯದ ಕಾಫಿಗೆ ಮೈಸೂರು ಸೀಮೆಯಲ್ಲಿ ಗಿರಾಕಿ ಸಿಗುತ್ತಿರಲಿಲ್ಲವೆಂದು ನಮ್ಮ ಭಾವನೆ. ಇವರನ್ನು ನೋಡಿ ಹತ್ತಾರು ಕಂಪನಿಗಳು ಊರಿನಲ್ಲಿ ಹುಟ್ಟಿ ಕೆಲವೇ ವರ್ಷಗಳಲ್ಲಿ ಅಡಗಿದವು.

ಆರೋಗ್ಯಧಾಮದ ಗತಿಯೂ ವಿಚಿತ್ರ. ೧೯೦೨ರಲ್ಲಿ ಸುಟ್ಟುಹೋಯಿತು, ಮರುವರ್ಷವೇ ಇನ್ನೂ ದೊಡ್ಡದಾಗಿ ಎದ್ದಿತು, ೧೯೨೮ರಲ್ಲಿ ಗೋಪುರ ಸೇರಿತು, ಆರ್ಥಿಕ ಮುಗ್ಗಟ್ಟಿನಲ್ಲಿ ಸಾಲಕ್ಕೆ ಸಿಕ್ಕಿ ೧೯೩೩ರಲ್ಲಿ ಪರರ ಕೈಸೇರಿತು. ೧೯೪೨ರಲ್ಲಿ ಸೈನ್ಯದವರು ಕಟ್ಟಡವನ್ನು ಕೊಂಡು ಗಾಯಾಳುಗಳ ಆಸ್ಪತ್ರೆ ಮಾಡಿದರು. ಮಹಾಯುದ್ಧದಲ್ಲಿ ಗಾಯಗೊಂಡು ಅಲ್ಲಿ ಮಲಗಿದ್ದ ಫಿಲಿಪ್ ಹಾರ್ಟ್, ಬಾಬ್ ಡೋಲ್, ಡೇನಿಯಲ್ ಇನೋಯೆ ಎಂಬ ಮೂವರು ತರುಣರು ಮುಂದೆ ಸೆನೆಟ್ ಸಭೆಯ ಸದಸ್ಯರಾದರು. ೨೦೦೩ರಿಂದ ಕಟ್ಟಡಕ್ಕೆ ಆ ಮೂವರ ಹೆಸರೇ ಇದೆ. ಕಂಬಗಳ ಸಾಲನ್ನು ಹೊರಗಿನಿಂದ ನೋಡಿ ಮುಂದೆ ನಡೆದೆವು.

ಕಾರ್ಖಾನೆಯೊಳಗೆ ಹೋಗಿ ಅಕ್ಕಿ ಉಬ್ಬುವುದನ್ನು ನೋಡಬೇಕೆಂಬ ಹುಡುಗಿಯ ಆಸೆ ನೆರವೇರಲಿಲ್ಲ. ಹಿಂದೆ ಯಾತ್ರಿಕರನ್ನು ಒಳಗೆ ಬಿಡುತ್ತಿದ್ದರು. ೧೯೮೬ರಲ್ಲಿ ಅದು ನಿಂತಿತು. ಬಳಿಕ ೧೯೯೮ರಲ್ಲಿ ಮಕ್ಕಳಿಗಾಗಿ ಒಂದು ಪ್ರದರ್ಶನಶಾಲೆಯನ್ನು ತೆರೆದಿದ್ದರು. ಅದೂ ೨೦೦೭ರಲ್ಲಿ ಮುಚ್ಚಿತು. ಕಂಪನಿಯೇ ೨೦೨೩ರಲ್ಲಿ ಎರಡಾಗಿ ಒಡೆಯಿತು. ಬೆಳಗಿನ ಧಾನ್ಯಗಳನ್ನು ತಯಾರಿಸುವ ಪಾಲು ೨೦೨೫ರಲ್ಲಿ ಇಟಲಿಯ ಫೆರೆರೋ ಎಂಬ ಮಿಠಾಯಿಯ ಕಂಪನಿಗೆ ಮಾರಾಟವಾಯಿತು. ಸಕ್ಕರೆಯ ವಿಷಯದಲ್ಲಿ ಅಣ್ಣತಮ್ಮಂದಿರು ಮಾಡಿದ ವ್ಯಾಜ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ತೀರ್ಪನ್ನು ಯಾವ ನ್ಯಾಯಾಧೀಶನೂ ಬರೆಯಲಾರನು.

ಓಕ್ ಹಿಲ್ ಎಂಬ ಶ್ಮಶಾನದಲ್ಲಿ ಡಾಕ್ಟರರೂ ತಮ್ಮನೂ ಪೋಸ್ಟನೂ ಒಂದೇ ನೆಲದಲ್ಲಿ ಮಲಗಿದ್ದಾರೆ. ಗುಲಾಮಗಿರಿಯಲ್ಲಿ ಹುಟ್ಟಿ, ಬಿಡುಗಡೆ ಪಡೆದು, ತನ್ನ ಜನರಿಗಾಗಿಯೂ ಸ್ತ್ರೀಯರಿಗಾಗಿಯೂ ಊರೂರು ತಿರುಗಿ ಉಪನ್ಯಾಸ ಮಾಡಿದ ಸೋಜರ್ನರ್ ಟ್ರೂತ್ ಎಂಬ ಮಹಾತಾಯಿಯ ಸಮಾಧಿಯೂ ಅಲ್ಲಿಯೇ ಇದೆ. ಆಕೆ ಈ ಊರಿನಲ್ಲಿ ನೆಲೆಸಿ ೧೮೮೩ರಲ್ಲಿ ತೀರಿಕೊಂಡರು. ಊಟದಲ್ಲಿ ಅಷ್ಟು ಅಹಿಂಸೆಯನ್ನು ಬೋಧಿಸಿದ ಡಾಕ್ಟರರು ಮನುಷ್ಯರಲ್ಲಿ ಮೇಲುತಳಿ ಕೀಳುತಳಿಗಳನ್ನು ಬೇರ್ಪಡಿಸಬೇಕೆಂಬ ವಾದಕ್ಕೆ ಪೋಷಕರಾಗಿ, ೧೯೧೪ರಲ್ಲಿ ಇದೇ ಊರಿನಲ್ಲಿ ಅದಕ್ಕೊಂದು ಸಮ್ಮೇಳನವನ್ನು ಕೂಡಿಸಿದ್ದರು. ಪಥ್ಯವನ್ನು ಮೆಚ್ಚಿದವರು ಇದನ್ನೂ ಮರೆಯಬಾರದು. ನಾವು ಹೂವಿಟ್ಟದ್ದು ಆ ತಾಯಿಯ ಸಮಾಧಿಗೆ.

ಇನ್ನು ತಿಂಡಿಯ ವಿಷಯ. ರೈಸ್ ಕ್ರಿಸ್ಪೀಸ್ ಎಂಬ ಉಬ್ಬಿದಕ್ಕಿ ಮಾರುಕಟ್ಟೆಗೆ ಬಂದದ್ದು ೧೯೨೮ರಲ್ಲಿ. ನಮ್ಮ ಮಂಡಕ್ಕಿಯಂತೆ ಇದನ್ನು ಕಾದ ಮರಳಿನಲ್ಲಿ ಹುರಿಯುವುದಿಲ್ಲ. ಅಕ್ಕಿಯನ್ನು ಸಕ್ಕರೆ, ಉಪ್ಪು, ಮೊಳಕೆಯ ಯವೆಯ ಸಾರ ಇವುಗಳೊಡನೆ ಆವಿಯಲ್ಲಿ ಬೇಯಿಸಿ, ಒಣಗಿಸಿ, ಲಘುವಾಗಿ ಅಮುಕಿ, ತೀವ್ರವಾಗಿ ಕಾದ ಒಲೆಯಲ್ಲಿ ಕ್ಷಣಕಾಲ ಹಾಯಿಸುತ್ತಾರೆ. ಕಾಳು ಒಳಗಿನ ತೇವದಿಂದಲೇ ಉಬ್ಬುತ್ತದೆ. ಅದರ ಗೋಡೆಗಳು ಗಾಜಿನಂತೆ ತೆಳುವಾಗಿ ಬಿಗಿದುಕೊಂಡಿರುವುದರಿಂದ, ಹಾಲು ಸೋಕಿದೊಡನೆ ಚಿಟಪಟನೆ ಬಿರಿಯುತ್ತವೆ. ಮಕ್ಕಳು ಬಟ್ಟಲಿಗೆ ಕಿವಿಯಿಟ್ಟು ಕೇಳುವರು.

ಧಾನ್ಯವನ್ನು ಪಾಕದಲ್ಲಿ ಕಟ್ಟುವುದು ಹೊಸದೇನೂ ಅಲ್ಲ. ಆ ದೇಶದವರೂ ಜೋಳದ ಅರಳನ್ನು ಕಾಕಂಬಿಯ ಪಾಕದಲ್ಲಿ ಉಂಡೆ ಕಟ್ಟುತ್ತಿದ್ದರು. ಪಾಕದ ಕಷ್ಟವನ್ನು ನಮ್ಮ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಒಂದು ಗಳಿಗೆ ಮುಂಚೆ ಇಳಿಸಿದರೆ ಉಂಡೆ ನಿಲ್ಲದು. ಒಂದು ಗಳಿಗೆ ತಡವಾದರೆ ಹಲ್ಲು ನಿಲ್ಲದು. ೧೯೩೯ರಲ್ಲಿ ಕೆಲಾಗ್ ಕಂಪನಿಯ ಗೃಹವಿಜ್ಞಾನ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದ ಮಿಲ್‌ಡ್ರೆಡ್ ಡೇ, ಮಲೀಟ ಜೆನ್‌ಸನ್ ಎಂಬ ಇಬ್ಬರು ಮಹಿಳೆಯರು ಈ ತೊಡಕಿಗೆ ಒಂದು ಉಪಾಯವನ್ನು ಕಂಡುಹಿಡಿದರು. ಪಾಕವನ್ನು ಮನೆಯಲ್ಲಿ ಏಕೆ ಹಿಡಿಯಬೇಕು? ಮಾರ್ಷ್‌ಮ್ಯಾಲೋ ಎಂಬುದು ಸಕ್ಕರೆಯ ಪಾಕವನ್ನು ಗಾಳಿ ತುಂಬಿ ನೊರೆಯೆಬ್ಬಿಸಿ ಒಂದು ಅಂಟಿನಿಂದ ನಿಲ್ಲಿಸಿದ ಮಿಠಾಯಿ. ಅದನ್ನು ಬೆಣ್ಣೆಯಲ್ಲಿ ಕರಗಿಸಿದರೆ ಹದವಾದ ಪಾಕ ತಾನೇ ಸಿದ್ಧ. ಹದ ನೋಡುವ ಹೊರೆಯನ್ನು ಮಿಠಾಯಿಯ ಕಾರ್ಖಾನೆ ಆಗಲೇ ಹೊತ್ತಿರುತ್ತದೆ. ಹೀಗೆ ಹತ್ತು ವರ್ಷದ ಮಗುವೂ ಮಾಡಬಹುದಾದ ತಿಂಡಿ ಹುಟ್ಟಿತು. ‘ಕ್ಯಾಂಪ್ ಫೈರ್ ಗರ್ಲ್ಸ್’ ಎಂಬ ಬಾಲಿಕೆಯರ ಸಂಘದವರು ನಿಧಿ ಕೂಡಿಸಲು ಇದನ್ನು ಮನೆಮನೆಗೆ ಮಾರಿದರು. ಅವರಿಗಾಗಿ ಮಿಲ್‌ಡ್ರೆಡ್ ಡೇ ಅವರು ಕ್ಯಾನ್ಸಾಸ್ ಸಿಟಿಗೆ ಹೋಗಿ ಎರಡು ವಾರ ಈ ತಿಂಡಿಯನ್ನೇ ಮಾಡುತ್ತಿದ್ದರು. ೧೯೪೧ರಿಂದ ಮಾಡುವ ಕ್ರಮವನ್ನು ಡಬ್ಬಿಯ ಮೇಲೆಯೇ ಅಚ್ಚುಮಾಡಿದರು. ತಿಂಡಿ ಹುಟ್ಟಿದ್ದು ಕಂಪನಿಯ ಲಾಭಕ್ಕೆ, ಅದು ದಿಟ. ಆದರೆ ಅದನ್ನು ಸಾಕಿದ್ದು ಮಕ್ಕಳ ಮಾರಾಟಗಳು.

ಸಂಜೆಗೆ ಕಲಮಜೂವಿಗೆ ಮರಳಿದೆವು. ನಮ್ಮ ತಂಗಿಯ ಮಗಳು ಅಂಗಡಿಯಿಂದ ಮಾರ್ಷ್‌ಮ್ಯಾಲೋ ಪೊಟ್ಟಣವನ್ನು ತಂದು ಮೇಜಿನ ಮೇಲಿಟ್ಟಳು. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದುವ ಅಭ್ಯಾಸ ನಮ್ಮಲ್ಲಿ ಒಬ್ಬರಿಗಿದೆ. ಸಕ್ಕರೆ, ಜೋಳದ ಪಾಕ, ಪಿಷ್ಟ, ಜೆಲಟಿನ್ ಎಂದಿತ್ತು. ಹಿಂದೆ ಈ ಮಿಠಾಯಿಯನ್ನು ನಿಲ್ಲಿಸುತ್ತಿದ್ದುದು ಒಂದು ಗಿಡದ ಬೇರಿನ ಲೋಳೆ. ಮಾರ್ಷ್‌ಮ್ಯಾಲೋ ಎಂಬುದು ಜೌಗಿನಲ್ಲಿ ಬೆಳೆಯುವ ಆ ಗಿಡದ ಹೆಸರೇ. ಅದು ನಮ್ಮ ಬೆಂಡೆ, ದಾಸವಾಳ, ಪುಂಡಿಗಳ ಕುಲಕ್ಕೆ ಸೇರಿದ್ದು. ದಾಸವಾಳದ ಎಲೆಯನ್ನು ಅರೆದು ತಲೆಗೆ ಹಚ್ಚಿಕೊಂಡವರಿಗೆ ಅಂತಹ ಲೋಳೆಯ ಗುಣ ಗೊತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮಿಠಾಯಿಗಾರರು ಇದನ್ನು ಮಾಡಿ ಮಾರುತ್ತಿದ್ದರು. ಕಾಲಕ್ರಮದಲ್ಲಿ ಬೇರು ಹೋಗಿ ಜೆಲಟಿನ್ ಬಂದಿತು. ಜೆಲಟಿನ್ ಎಂದರೆ ಪ್ರಾಣಿಗಳ ಚರ್ಮ ಎಲುಬುಗಳನ್ನು ಬೇಯಿಸಿ ತೆಗೆದ ಅಂಟು. ಅಮೆರಿಕದಲ್ಲಿ ಅದು ಹೆಚ್ಚಾಗಿ ಹಂದಿಯ ಚರ್ಮದ್ದು.

ಮಾಂಸವೇ ಕೂಡದೆಂದ ಊರಿನಲ್ಲಿ ಹುಟ್ಟಿದ ತಿಂಡಿಯನ್ನು ಕಟ್ಟಿ ನಿಲ್ಲಿಸುವುದು ಚರ್ಮದ ಅಂಟು! ನಮಗೆ ಮೊದಲು ನಗು ಬಂದಿತು. ಹುಡುಗಿಯ ಮುಖವನ್ನು ನೋಡಿ ಅಡಗಿತು. ಆ ಮನೆಯವರು ತಲೆತಲಾಂತರದಿಂದ ಶಾಕಾಹಾರಿಗಳು. ಅತ್ತೆಯವರು ಲಿಂಗಪೂಜೆಯಾಗದೆ ನೀರು ಮುಟ್ಟುವವರಲ್ಲ. ಹುಡುಗಿಯೋ ಗೆಳತಿಯರ ಹುಟ್ಟುಹಬ್ಬಗಳಲ್ಲಿ ಈ ತಿಂಡಿಯನ್ನು ಎಷ್ಟು ಸಲ ತಿಂದಿದ್ದಳೋ! ಅವಳು ಅಜ್ಜಿಯ ಸೆರಗನ್ನು ಹಿಡಿದು, “ಅಜ್ಜಿ, ನಾನು ತಿಂದುಬಿಟ್ಟಿದ್ದೇನಲ್ಲ, ಈಗೇನು ಮಾಡಲಿ?” ಎಂದು ಕೇಳಿದಳು. ತಾಯಿ ತಲೆತಗ್ಗಿಸಿದಳು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಗೊತ್ತಿಲ್ಲದೆ ತಿಂದದ್ದಕ್ಕೆ ಯಾರು ಲೆಕ್ಕ ಇಡ್ತಾರೆ, ಮಗಾ? ಇನ್ನು ಮುಂದೆ ಕೇಳಿ ತಿನ್ನು. ಕೇಳೋದಕ್ಕೆ ನಾಚಬ್ಯಾಡ,” ಎಂದರು. ಸೊಸೆಯ ಕಡೆ ತಿರುಗಿ, “ನೀನೂ ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡವ್ವ,” ಎಂದರು. ಧರ್ಮಶಾಸ್ತ್ರಗಳನ್ನು ಓದಿದ ಪಂಡಿತರಿಂದ ಇಷ್ಟು ಬೇಗ ನಿರ್ಣಯ ದೊರೆಯುತ್ತಿರಲಿಲ್ಲ.

ಆದರೆ ತಿಂಡಿಯ ಸಮಸ್ಯೆ ಹಾಗೆಯೇ ಉಳಿಯಿತು. ಅಗರ್ ಎಂಬ ಕಡಲಪಾಚಿಯ ಅಂಟಿನಿಂದ ಮಾರ್ಷ್‌ಮ್ಯಾಲೋ ಮಾಡುವುದುಂಟು. ತಿನ್ನಲು ಚೆನ್ನಾಗಿರುತ್ತದೆ, ಆದರೆ ಈ ಕೆಲಸಕ್ಕೆ ಬಾರದು. ಜೆಲಟಿನ್ ೩೫ ಡಿಗ್ರಿ ಸೆಂಟಿಗ್ರೇಡಿನ ಸುಮಾರಿನಲ್ಲಿ ಕರಗುವುದರಿಂದಲೇ ಆ ಮಿಠಾಯಿ ಬಾಣಲೆಯಲ್ಲಿಯೂ ಬಾಯಲ್ಲಿಯೂ ಕರಗುವುದು. ಅಗರ್ ಒಮ್ಮೆ ಹೆಪ್ಪುಗಟ್ಟಿತೆಂದರೆ ೮೫ ಡಿಗ್ರಿಯವರೆಗೂ ಜಗ್ಗುವುದಿಲ್ಲ. ಇನ್ನೊಂದು ದಾರಿ ಕಡಲೆಕಾಯಿ ಬೆಣ್ಣೆಯದು. ಜೇನುತುಪ್ಪವನ್ನೂ ಕಡಲೆಕಾಯಿ ಬೆಣ್ಣೆಯನ್ನೂ ಬಿಸಿಮಾಡಿ ಕಲಸಿದರೆ ಉಬ್ಬಿದಕ್ಕಿ ಸೊಗಸಾಗಿ ಕಟ್ಟುತ್ತದೆ. ನಮ್ಮ ಡಾಕ್ಟರ್ ಕೆಲಾಗರೇ ಹಲ್ಲಿಲ್ಲದ ರೋಗಿಗಳಿಗೂ ಆಗಲೆಂದು ಬೀಜಗಳನ್ನು ಬೆಣ್ಣೆಯಂತೆ ಅರೆಯುವ ಕ್ರಮಕ್ಕೆ ೧೮೯೫ರಲ್ಲಿ ಹಕ್ಕುಪತ್ರವನ್ನು ಬೇಡಿದ್ದರು. ಆದ್ದರಿಂದ ಇದಕ್ಕೂ ಬ್ಯಾಟಲ್ ಕ್ರೀಕಿನ ನಂಟಿದೆ. ಆದರೆ ಶಾಲೆಯ ಚೀಟಿಯಲ್ಲಿ ಕಡಲೆಕಾಯಿ ಕೂಡದೆಂದು ದಪ್ಪಕ್ಷರದಲ್ಲಿ ಬರೆದಿತ್ತು. ಕೆಲವು ಮಕ್ಕಳಿಗೆ ಅದು ವಿಷದಂತೆ ಪ್ರಾಣಾಪಾಯವನ್ನೇ ತರುತ್ತದೆ. ಅಲ್ಲಿಯ ಶಾಲೆಗಳು ಈ ವಿಷಯದಲ್ಲಿ ಬಹಳ ಎಚ್ಚರವಾಗಿವೆ.

ಕೊನೆಗೆ ಮರುದಿನ ಇನ್ನೊಂದು ಅಂಗಡಿಯಲ್ಲಿ ಶುದ್ಧ ಶಾಕಾಹಾರದ ಮಾರ್ಷ್‌ಮ್ಯಾಲೋ ದೊರೆಯಿತು. ಮರಗೆಣಸಿನ ಪಾಕ, ಸಕ್ಕರೆ, ಇನ್ನೊಂದು ಬಗೆಯ ಕಡಲಪಾಚಿಯ ಅಂಟು, ಸೋಯಾ ಅವರೆಯ ಸತ್ವ ಇವುಗಳಿಂದ ಮಾಡಿದ್ದು. ಬೆಲೆ ಹೆಚ್ಚು, ಆದರೆ ಕರಗುತ್ತದೆ. ಬೇಕಾದವರಿಗೆ ಅನುಕೂಲವಾಗಲೆಂದು ಕ್ರಮವನ್ನು ಬರೆಯುತ್ತೇವೆ.

ಮಾರ್ಷ್‌ಮ್ಯಾಲೋ ೧೦ ಔನ್ಸು, ಎಂದರೆ ಸುಮಾರು ೨೮೦ ಗ್ರಾಂ. ಬೆಣ್ಣೆ ೩ ದೊಡ್ಡ ಚಮಚ. ಉಬ್ಬಿದಕ್ಕಿ ೬ ಬಟ್ಟಲು. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆಯನ್ನು ಸಣ್ಣ ಉರಿಯ ಮೇಲೆ ಕರಗಿಸಿ ಮಾರ್ಷ್‌ಮ್ಯಾಲೋಗಳನ್ನು ಹಾಕಿ ಕೈಬಿಡದೆ ತಿರುವಬೇಕು. ಶಾಕಾಹಾರದ ಬಗೆಯದು ನಿಧಾನವಾಗಿ ಕರಗುತ್ತದೆ. ಒಂದೆರಡು ಚಮಚ ಬೆಣ್ಣೆಯನ್ನು ಹೆಚ್ಚಿಗೆ ಹಾಕಿ ತಾಳ್ಮೆಯಿಂದಿರಬೇಕು. ಉರಿಯನ್ನು ದೊಡ್ಡದು ಮಾಡಿದರೆ ಸಕ್ಕರೆ ಗಟ್ಟಿಯಾಗಿ ತಿಂಡಿ ಕಲ್ಲಾಗುವುದು. ಕರಗಿ ಹೊಳೆಯುವ ಮುದ್ದೆಯಾದೊಡನೆ ಕೆಳಗಿಳಿಸಿ ಉಬ್ಬಿದಕ್ಕಿಯನ್ನು ಸುರಿದು ಕಲಸಿ, ಬೆಣ್ಣೆ ಸವರಿದ ತಟ್ಟೆಗೆ ಹಾಕಿ, ಬೆಣ್ಣೆ ಹಚ್ಚಿದ ಕೈಯಿಂದ ಮೆಲ್ಲನೆ ತಟ್ಟಬೇಕು. ಅಮುಕಿ ಒತ್ತಬಾರದು, ಒತ್ತಿದರೆ ಅಕ್ಕಿಯೊಳಗಿನ ಗಾಳಿಯೆಲ್ಲ ಹೋಗಿ ತಿಂಡಿಯ ಸೊಗಸೇ ಹೋಗುವುದು. ಆರಿದ ಮೇಲೆ ಕತ್ತರಿಸಿ, ಮುಚ್ಚಿದ ಡಬ್ಬಿಯಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು. ನಮ್ಮ ದೇಶದ ಮಂಡಕ್ಕಿಯಿಂದ ಮಾಡುವವರು ಅದನ್ನು ಮೊದಲು ಬಿಸಿ ಬಾಣಲೆಯಲ್ಲಿ ಗರಿಗರಿಯಾಗುವಂತೆ ಹುರಿದು ಆರಿಸಿಕೊಳ್ಳಬೇಕು. ಇಲ್ಲವಾದರೆ ತೇವವನ್ನೆಳೆದುಕೊಂಡು ಜಿಗುಟಾಗುತ್ತದೆ.

ಬಣ್ಣದ ವಿಷಯ ಇನ್ನೂ ಉಳಿದಿದೆ. ಅಂಗಡಿಯ ಸೀಸೆಗಳ ಬಣ್ಣ ಬೇಡವೆಂದು ತಾಯಿ ಹೇಳಿದಳು. ೨೦೨೪ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರವು ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ವಾಚಕರಿಗೆ ನೆನಪಿರಬಹುದು. ಅಮೆರಿಕದ ಸರ್ಕಾರವೂ ೨೦೨೫ರ ಜನವರಿಯಲ್ಲಿ ಒಂದು ಕೆಂಪು ಬಣ್ಣಕ್ಕೆ ಆಹಾರದಲ್ಲಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ಎಲ್ಲ ಕೃತಕ ಬಣ್ಣಗಳೂ ವಿಷವೆಂದು ನಾವು ಹೇಳುವುದಿಲ್ಲ. ಅನುಮತಿಯಿರುವುವು ಬೇರೆ, ಬಟ್ಟೆಯ ಬಣ್ಣ ಬೇರೆ. 

ಆದರೆ ಅಡುಗೆಮನೆಯಲ್ಲಿಯೇ ಬಣ್ಣಗಳಿರುವಾಗ ಸೀಸೆಯೇಕೆ? ಬೀಟ್‌ರೂಟನ್ನು ತುರಿದು ಹಿಂಡಿದ ರಸವನ್ನು ಕುದಿಸಿ ಒಂದು ಚಮಚಕ್ಕೆ ಇಳಿಸಿದರೆ ಗುಲಾಬಿ. ಒಂದು ಚಿಟಿಕೆ ಅರಿಸಿನಕ್ಕೆ ಹಳದಿ. ಹೆಚ್ಚಾದರೆ ಹುಳಿಯ ನೆನಪಾಗುತ್ತದೆ. ಒಣಗಿಸಿ ಪುಡಿಮಾಡಿದ ಶಂಖಪುಷ್ಪಕ್ಕೆ ನೀಲಿ. ಅದಕ್ಕೆ ಅರಿಸಿನ ಕೂಡಿಸಿದರೆ ಹಸುರು. ನೀರಾಗಿರುವ ಬಣ್ಣವನ್ನು ಹಾಕಲೇಬಾರದು; ಅಕ್ಕಿ ಒಡನೆ ಮೆತ್ತಗಾಗುತ್ತದೆ. ಕರಗಿದ ಮುದ್ದೆಯನ್ನು ನಾಲ್ಕು ಪಾತ್ರೆಗಳಿಗೆ ಹಂಚಿ, ಬೇರೆ ಬೇರೆ ಬಣ್ಣ ಕೊಟ್ಟು, ಒಂದರ ಮೇಲೊಂದು ಪದರವಾಗಿ ತಟ್ಟಿದೆವು. ಡಬ್ಬಿಯ ಚಿತ್ರದಂತೆ ಕಣ್ಣು ಕೋರೈಸುವ ಬಣ್ಣಗಳಲ್ಲ, ಒಗೆದ ಇಳಕಲ್ಲು ಸೀರೆಯ ಬಣ್ಣಗಳು. ಹುಡುಗಿ ಮೊದಲು ಮುಖ ಸಣ್ಣದು ಮಾಡಿದಳು. ಕತ್ತರಿಸಿದಾಗ ನಾಲ್ಕು ಗೆರೆ ಕಂಡವು, ಆಗ ಸಮಾಧಾನವಾಯಿತು.

ಅಷ್ಟರಲ್ಲಿ ಅತ್ತೆಯವರು ಪಕ್ಕದ ಒಲೆಯ ಮೇಲೆ ಬೆಲ್ಲವನ್ನು ಕಾಯಲು ಇಟ್ಟಿದ್ದರು. ಭಾರತದ ಸರಕು ಮಾರುವ ಅಂಗಡಿಯ ಮಂಡಕ್ಕಿ, ಒಣಕೊಬ್ಬರಿಯ ತುರಿ, ಏಲಕ್ಕಿ. ಶೇಂಗಾ ಮಾತ್ರ ಹಾಕಲಿಲ್ಲ. ಬಟ್ಟಲ ನೀರಿಗೆ ಪಾಕದ ಒಂದು ಹನಿಯನ್ನು ಬಿಟ್ಟು, ಅದನ್ನು ಉರುಳಿಸಿ ಅಂಚಿಗೆ ಬಡಿದು, ಟಣ್ಣೆಂದ ಮೇಲೆ ಇಳಿಸಿದರು. ಉರಿಯುವ ಪಾಕದಲ್ಲಿ ಕೈಯಿಟ್ಟು ಅವರು ಇಪ್ಪತ್ತು ಉಂಡೆಗಳನ್ನು ಕಟ್ಟಿ ಮುಗಿಸಿದಾಗ ನಮ್ಮ ಕೈಗಳು ನೋಡಿಯೇ ಬಿಸಿಯಾಗಿದ್ದವು. ಮಿಲ್‌ಡ್ರೆಡ್ ಡೇ ಅವರ ಉಪಾಯದ ಬೆಲೆ ನಮಗೆ ಆಗ ತಿಳಿಯಿತು. ಅತ್ತೆಯವರ ವಿದ್ಯೆಯ ಬೆಲೆಯೂ ತಿಳಿಯಿತು. ಎರಡನ್ನೂ ಒಂದೇ ಡಬ್ಬಿಗೆ ತುಂಬಿದೆವು.

ಮಾರಾಟದ ದಿನ ತಾಯಿ ಒಂದು ಚೀಟಿಯಲ್ಲಿ ಹಾಕಿದ ಪದಾರ್ಥಗಳನ್ನೆಲ್ಲ ಬರೆದು, ಕೊನೆಗೆ ‘ಜೆಲಟಿನ್ ಇಲ್ಲ, ಕಡಲೆಕಾಯಿ ಇಲ್ಲ’ ಎಂದು ಸೇರಿಸಿದಳು. ನಾವೂ ಹೋಗಿ ಹಿಂದೆ ನಿಂತಿದ್ದೆವು. ಪಕ್ಕದ ಮೇಜುಗಳಲ್ಲಿ ಹೊಳೆಯುವ ಬಣ್ಣದ ತಿಂಡಿಗಳು ಬೇಗ ಬೇಗ ಮುಗಿಯುತ್ತಿದ್ದವು. ನಮ್ಮ ಹುಡುಗಿಯ ಮುಂದೆ ಬಹಳ ಹೊತ್ತು ಯಾರೂ ನಿಲ್ಲಲಿಲ್ಲ. ಆಮೇಲೆ ತಲೆಗೆ ವಸ್ತ್ರ ಕಟ್ಟಿದ ಒಬ್ಬ ಮುಸಲ್ಮಾನ ತಾಯಿ ಬಂದು ಚೀಟಿಯನ್ನು ಎರಡು ಸಲ ಓದಿದಳು. ಅವಳ ಚಿಕ್ಕ ಮಗನು ಅಮ್ಮನ ಮುಖವನ್ನೇ ನೋಡುತ್ತಿದ್ದನು. ಅವನು ಈ ತಿಂಡಿಯನ್ನು ಆವರೆಗೆ ದೂರದಿಂದ ಕಂಡಿದ್ದನೇ ಹೊರತು ತಿಂದಿರಲಿಲ್ಲವಂತೆ. ಅವಳು ಆರು ತುಂಡುಗಳನ್ನು ಕೊಂಡಳು. ಅವಳು ಯಾರಿಗೆ ಹೇಳಿದಳೋ ತಿಳಿಯದು, ಇನ್ನಿಬ್ಬರು ಬಂದರು. ಅವರಲ್ಲಿ ಒಬ್ಬಳು ಯೆಹೂದ್ಯರ ಮನೆಯವಳು. “ಈ ಕಂದು ಉಂಡೆ ಏನು?” ಎಂದು ಒಬ್ಬ ಹುಡುಗನು ಕೇಳಿದ್ದಕ್ಕೆ ನಮ್ಮ ಹುಡುಗಿ, “ಇದು ನಮ್ಮ ಅಜ್ಜಿಯ ಊರಿನ ರೈಸ್ ಕ್ರಿಸ್ಪೀಸ್,” ಎಂದು ಉತ್ತರ ಕೊಟ್ಟಳು. ಅವನು ಒಂದನ್ನು ಕೊಂಡು ಕಡಿದು, ಹಲ್ಲಿಗೆ ಅಂಟಿದ ಬೆಲ್ಲವನ್ನು ನಾಲಗೆಯಿಂದ ಬಿಡಿಸಿಕೊಳ್ಳುತ್ತ ಹೋಗಿ, ಮತ್ತೆ ಇಬ್ಬರನ್ನು ಕರೆದುಕೊಂಡು ಬಂದನು. ಮನೆಗೆ ಹಿಂತಿರುಗುವಾಗ ಡಬ್ಬಿಯಲ್ಲಿ ಉಳಿದಿದ್ದುದು ನೀಲಿ ಪದರ ಕಿತ್ತುಹೋದ ಒಂದು ತುಂಡು ಮಾತ್ರ. ಅದನ್ನು ಅತ್ತೆಯವರು ಅರ್ಧ ಮಾಡಿ, ದೊಡ್ಡ ಪಾಲನ್ನು ಮೊಮ್ಮಗಳಿಗೆ ಕೊಟ್ಟು, ಚಿಕ್ಕದನ್ನು ತಾವು ಬಾಯಿಗೆ ಹಾಕಿಕೊಂಡು, ಸಕ್ಕರೆ ತುಸು ಹೆಚ್ಚಾಯಿತೆಂದರು.